ಕೊಲೆಗಾರ ಯಾರೆಂದು ಹೇಳದೆ ಹರಟುವುದು ಹೇಗೆ? ಮುಂಬೈ–ಪುಣೆ–ಗೋವಾ ಪತ್ತೇದಾರಿ ಓದುಗರ ಬಳಗಕ್ಕೆ ಸಲಹೆ ಬೇಕು

ಕಲೀನಾ ಕಟ್ಟೆ

ಡೊಂಬಿವಲಿಯಿಂದ ವಾಸ್ಕೋವರೆಗೆ ಪತ್ತೇದಾರಿ ಕಾದಂಬರಿ ಓದುವ ಕನ್ನಡಿಗರು ಕಡಿಮೆಯೇನಿಲ್ಲ. ಆದರೆ ಒಬ್ಬರ ಸುಳಿವು ಇನ್ನೊಬ್ಬರಿಗಿಲ್ಲ. ಸಂಘಗಳ ವೇದಿಕೆಯಲ್ಲಿ ಕವಿತೆಗೆ ಜಾಗ ಉಂಟು, ಯಕ್ಷಗಾನಕ್ಕೆ ಉಂಟು, ಕೊಲೆಗೆ ಇಲ್ಲ. ಬ್ಲಾಗು, ವಾಟ್ಸಾಪ್, ಟೆಲಿಗ್ರಾಮ್, ಇನ್‌ಸ್ಟಾಗ್ರಾಮ್ ಇಟ್ಟುಕೊಂಡು ಒಂದು ಬಳಗ ಕಟ್ಟುವ ಯೋಚನೆ: ತಿಂಗಳಿಗೊಂದು ಪುಸ್ತಕ ಒಟ್ಟಿಗೆ ಓದುವುದು, ಬ್ಲಾಗಿನಲ್ಲಿ ವಿಮರ್ಶೆ, ಮೂರು ತಿಂಗಳಿಗೊಮ್ಮೆ ಮಾಟುಂಗಾದಲ್ಲಿ ಮುಖಾಮುಖಿ ಭೇಟಿ. ತಿಳಿದವರು ಹೇಳಿ. ಹರಟೆ ಎಲ್ಲಿ ನಡೆಯಬೇಕು? ಕೊನೆ ಬಿಟ್ಟುಕೊಡದೆ ಬರೆಯುವುದು ಹೇಗೆ? ಹಳೇ ಪುಸ್ತಕ ಸಿಗದವರಿಗೆ ಏನು ದಾರಿ?

ಸ್ಲೋ ಲೋಕಲ್

ಎಲ್ಲಕ್ಕಿಂತ ಮೊದಲು ಜಾಗ ಎರಡು ಮಾಡಿಕೊಳ್ಳಿ ಮಾರಾಯ್ರೆ. ಈ ಜಾತಿಯ ಕಾದಂಬರಿಯಲ್ಲಿ ಮಾತಾಡಲು ಅತಿ ರುಚಿಯಾದದ್ದು ಯಾವುದೋ, ಅದನ್ನೇ ಓದದವರ ಎದುರು ಬಾಯಿಬಿಡುವ ಹಾಗಿಲ್ಲ. ಓದುತ್ತಿರುವವರಿಗೆ ಒಂದು ಪಡಸಾಲೆ, ಮುಗಿಸಿದವರಿಗೆ ಒಂದು ಒಳಕೋಣೆ. ಒಂದೇ ಗುಂಪಿನಲ್ಲಿ ಎರಡನ್ನೂ ಸಂಭಾಳಿಸಲು ಹೊರಟರೆ ಯಾರೋ ಒಬ್ಬರು "ಆ ಡಾಕ್ಟರ್ ಮೇಲೆ ನಂಗೆ ಮೊದಲೇ ಡೌಟ್ ಇತ್ತು" ಅಂತ ಹಾಕಿಯೇ ಹಾಕುತ್ತಾರೆ. ಅಲ್ಲಿಗೆ ಉಳಿದವರ ಓದು ಢಮಾರ್.

ಟೆಲಿಗ್ರಾಮ್‌ನಲ್ಲಿ ಇದು ಸುಲಭ. ಗುಂಪಿನ ಸೆಟ್ಟಿಂಗ್ಸ್‌ಗೆ ಹೋಗಿ 'ಟಾಪಿಕ್ಸ್' ಆನ್ ಮಾಡಿದರೆ ಒಂದೇ ಗುಂಪಿನೊಳಗೆ ಪುಸ್ತಕಕ್ಕೊಂದು ಬೇರೆ ಕೋಣೆ ಸಿಗುತ್ತದೆ. ಬೇಡದ್ದನ್ನು ಮಾತ್ರ ಮ್ಯೂಟ್ ಮಾಡಬಹುದು. ಮುಚ್ಚಬೇಕಾದ ಮಾತಿನ ಆಚೀಚೆ ಎರಡೆರಡು ನಿಲುಗೆರೆ ಎಳೆದು ||ಹೀಗೆ|| ಬರೆದರೆ ಅಕ್ಷರ ಮಸುಕಾಗುತ್ತದೆ, ಮುಟ್ಟಿದವರಿಗೆ ಮಾತ್ರ ಕಾಣುತ್ತದೆ. ನೋಟಿಫಿಕೇಶನ್‌ನಲ್ಲೂ ಮುಚ್ಚಿಯೇ ಇರುತ್ತದೆ, ಅಸಲಿ ಲಾಭ ಅದು. ಪುಟದ ಫೋಟೋ ಹಾಕುವಾಗಲೂ ಸ್ಪಾಯ್ಲರ್ ಆಯ್ಕೆ ಉಂಟು. ಇನ್ನೊಂದು: ಟೆಲಿಗ್ರಾಮ್‌ನಲ್ಲಿ ಫೋನ್ ನಂಬರ್ ಮರೆಮಾಡಿ ಬರೇ ಯೂಸರ್‌ನೇಮ್ ಇಟ್ಟುಕೊಳ್ಳಬಹುದು. ಗುರುತಿಲ್ಲದ ಐವತ್ತು ಜನರಿಗೆ ನಂಬರ್ ಸಿಗುತ್ತದೆ ಅಂದರೆ ಎಷ್ಟೋ ಹೆಂಗಸರು ಗುಂಪಿಗೇ ಬರುವುದಿಲ್ಲ.

ಪುಣೆ ಪೇಠೆ

ಟೆಲಿಗ್ರಾಮ್ ಚಲೋ ಅದ, ಒಪ್ಪತೀನ್ರಿ. ಆದ್ರ ಪತ್ತೇದಾರಿ ಕಾದಂಬರಿಕಾರ ಎನ್. ನರಸಿಂಹಯ್ಯನವರ ಕಾಲದಿಂದ ಓದ್ಕೊಂತ ಬಂದ ಹಿರಿಯರು ವಾಟ್ಸಾಪ್ ಬಿಟ್ಟು ಕದಲೂದಿಲ್ಲ. ಅವರನ್ನ ಬಿಟ್ರ ಬಳಗಕ್ಕ ಅರ್ಥನ ಇಲ್ಲ, ಯಾಕಂದ್ರ ಯಾವ ಪುಸ್ತಕ ಯಾರದು ಅನ್ನೂದು ಅವರ ತಲಿಯೊಳಗ ಅದ. ಹಿಂಗ ಮಾಡ್ರಿ: ವಾಟ್ಸಾಪಿನಾಗ ಒಂದು ಕಮ್ಯುನಿಟಿ ತೆರೀರಿ. ಅದರ ಅನೌನ್ಸ್‌ಮೆಂಟ್ ಗುಂಪಿನಾಗ ಅಡ್ಮಿನ್ ಅಷ್ಟೇ ಬರೀತಾರ, ಒಬ್ಬರ ನಂಬರ್ ಇನ್ನೊಬ್ಬ ಸದಸ್ಯರಿಗೆ ಕಾಣೂದಿಲ್ಲ. ಈ ತಿಂಗಳ ಪುಸ್ತಕ, ಈ ವಾರದ ಅಧ್ಯಾಯ, ಬ್ಲಾಗಿನ ಲಿಂಕ್ ಇಷ್ಟ ಅಲ್ಲಿ ಬರ್ಲಿ.

ವಾಟ್ಸಾಪಿನಾಗೇ ಚರ್ಚೆ ಆಗಬೇಕು ಅಂತ ಹಠ ಹಿಡಿದವರಿಗೆ: ಮೊದಲ ಸಾಲಿನಾಗ ಪುಸ್ತಕದ ಹೆಸರು, ಅಧ್ಯಾಯದ ನಂಬರ್. ಆಮ್ಯಾಲೆ ಸಾಲಿಗೊಂದು ಚುಕ್ಕಿ ಇಟ್ಕೊಂತ ಹೋಗ್ರಿ, 'ಇನ್ನಷ್ಟು ಓದಿ' ಅಂತ ಮಡಚೂ ತನಕ. ನಾಕೈದು ಚುಕ್ಕಿ ಸಾಲೂದಿಲ್ಲ, ಕಳಿಸೂ ಮುಂಚೆ ನಿಮ್ಮ ನಂಬರಿಗೇ ಕಳಿಸಿ ನೋಡ್ಕೋರಿ. ಅದಕ್ಕಿಂತ ಚಲೋ ಅಂದ್ರ ವಾಯ್ಸ್ ನೋಟ್. ನೋಟಿಫಿಕೇಶನ್‌ನಾಗ ಅದರ ಉದ್ದ ಅಷ್ಟೇ ಕಾಣತದ. ಲೋಕಲ್‌ನಾಗ ಇಯರ್‌ಫೋನ್ ಇಲ್ಲದ ಹಚ್ಚಬ್ಯಾಡ್ರಿ ಮತ್ತ, ಬಾಜೂದಾಂವ ಅದೇ ಪುಸ್ತಕ ಓದಾಕತ್ತಿರಬಹುದು!

ಕೆಂಪು ಶಾಯಿ

ವಿಮರ್ಶೆಯ ಬಗ್ಗೆ. 'ಕೊನೆ ಹೇಳಬೇಡಿ' ಅನ್ನುವ ಒಂದೇ ನಿಯಮ ಸಾಲದು. ಪಳಗಿದ ಓದುಗರಿಗೆ ಅರ್ಧ ಮಾತು ಸಾಕು. ಕೆಳಗಿನ ಯಾವುದರಲ್ಲೂ ಕೊಲೆಗಾರನ ಹೆಸರಿಲ್ಲ, ಆದರೂ ಎಲ್ಲವೂ ಕತೆ ಕೆಡಿಸುತ್ತವೆ.

"ಶವದ ಮುಖ ಗುರುತು ಸಿಗದಂತಾಗಿತ್ತು" ಎಂದು ಕಥಾಸಾರದಲ್ಲಿ ಬರೆದರೆ, ಸತ್ತವನು ಬೇರೆಯವನಿರಬಹುದು ಎಂದು ಓದುಗ ಮೊದಲ ಪುಟಕ್ಕೇ ಶುರುಮಾಡುತ್ತಾನೆ. ಕಾದಂಬರಿಕಾರ ಆ ಸಾಲನ್ನು ಮಳೆ, ಮುರಿದ ಕೊಡೆ, ಕೂಗಾಡುವ ಅಡುಗೆಯವಳ ನಡುವೆ ಅಡಗಿಸಿ ಇಟ್ಟಿರುತ್ತಾನೆ. ನಾಲ್ಕು ಸಾಲಿನ ಸಾರಾಂಶದಲ್ಲಿ ಅದು ಎದ್ದು ಕೂರುತ್ತದೆ. "ಕೊನೆಯ ತಿರುವು ಅದ್ಭುತ" ಎಂದರೆ ಓದುಗ ಕಣ್ಣೆದುರಿನ ಶಂಕಿತನನ್ನು ಕೈಬಿಟ್ಟು ಉಳಿದವರನ್ನು ಎಣಿಸುತ್ತಾನೆ. "ಇದು ಇಂಥ ಇಂಗ್ಲಿಷ್ ಕಾದಂಬರಿಯ ಹಾಗಿದೆ" ಎಂದರಂತೂ ಒಂದೇ ಏಟಿಗೆ ಎರಡು ಪುಸ್ತಕ ಹಾಳು. 'ನಂಬಲಾಗದ ನಿರೂಪಕ' ಎಂಬ ಟ್ಯಾಗ್ ಹಚ್ಚುವವರಿಗೆ ಏನು ಹೇಳಬೇಕೋ ತಿಳಿಯದು.

ಹಾಗಾದರೆ ಏನು ಬರೆಯುವುದು? 350–400 ಪದ ಸಾಕು. ಕತೆಯಿಂದ ಮೊದಲ ಕಾಲುಭಾಗ ಮಾತ್ರ. ಊರು, ಕಾಲ, ಪತ್ತೆಮಾಡುವವರು ಪೊಲೀಸೋ ಖಾಸಗಿಯೋ ಪಕ್ಕದ ಮನೆಯವರೋ, ತನಿಖೆ ವಿಚಾರಣೆಯ ಮೇಲೆ ನಡೆಯುತ್ತದೋ ಓಡಾಟದ ಮೇಲೋ, ಭಾಷೆ ಹೇಗಿದೆ, ರಕ್ತಪಾತ ಎಷ್ಟು. ನ್ಯಾಯವಾಗಿ ಆಡಿದೆಯೇ ಎಂಬುದನ್ನೂ ಹೇಳಬಹುದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಆಗಲೇ ಸಿಗಬೇಕು ಎಂದು ಇಂಗ್ಲಿಷ್ ಪತ್ತೇದಾರಿ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪ್ರಕಟಿಸಿದ ಹತ್ತು ಕಟ್ಟಳೆಗಳಲ್ಲಿದೆ. ಗುಪ್ತದ್ವಾರ ಒಂದಕ್ಕಿಂತ ಹೆಚ್ಚು ಬೇಡ ಎಂದೂ ಇದೆ. ನಮ್ಮ ಹಳೇ ಕಾದಂಬರಿಗಳಿಗೆ ಆ ಎರಡನೆಯದನ್ನು ಹಚ್ಚಲು ಹೋದರೆ ಕಪಾಟು ಅರ್ಧ ಖಾಲಿ.

ತಾಂತ್ರಿಕವಾಗಿ ಎರಡು ಕಡೆ ಸೋರಿಕೆ ಆಗುತ್ತದೆ. ಲಿಂಕ್ ಹಂಚಿದಾಗ ಪ್ರಿವ್ಯೂನಲ್ಲಿ ಸಾಮಾನ್ಯವಾಗಿ ಬರಹದ ಮೊದಲ ಸಾಲುಗಳೇ ಬರುತ್ತವೆ, ಆದ್ದರಿಂದ ಮೊದಲ ಪ್ಯಾರಾದಲ್ಲಿ ಕತೆಯೇ ಬೇಡ. ಎರಡನೆಯದು, ವರ್ಡ್‌ಪ್ರೆಸ್‌ನ 'ಡೀಟೇಲ್ಸ್' ಬ್ಲಾಕಿನಲ್ಲಿ ಕೊನೆಯನ್ನು ಮಡಚಿಟ್ಟರೆ ಬ್ಲಾಗಿನಲ್ಲಿ ಮಡಚಿಯೇ ಇರುತ್ತದೆ. ಅದೇ ಬರಹ ಚಂದಾದಾರರ ಇಮೇಲ್‌ಗೆ ಹೋದಾಗ ಬಿಚ್ಚಿಕೊಂಡೇ ಕಾಣಬಹುದು, ಎಲ್ಲ ಮೇಲ್ ಆಪ್‌ಗಳಿಗೂ ಆ ಮಡಿಕೆ ಅರ್ಥವಾಗುವುದಿಲ್ಲ. ಕೊನೆಯ ಚರ್ಚೆಗೆ ಬೇರೆಯೇ ಪೋಸ್ಟ್ ಮಾಡಿ, ಶೀರ್ಷಿಕೆಯಲ್ಲೇ 'ಓದಿ ಮುಗಿಸಿದವರಿಗೆ ಮಾತ್ರ' ಎಂದಿರಲಿ. ಕಾಮೆಂಟ್‌ಗಳು ನೀವು ಒಪ್ಪಿದ ಮೇಲೆಯೇ ಕಾಣುವಂತೆ ಇಡಿ. ವಿಮರ್ಶೆ ಎಷ್ಟೇ ಜಾಗರೂಕವಾಗಿದ್ದರೂ ಮೊದಲ ಕಾಮೆಂಟಿನಲ್ಲೇ ಉತ್ತರ ಬಂದು ಬಿದ್ದಿರುತ್ತದೆ.

ಇನ್‌ಸ್ಟಾಗ್ರಾಮ್‌ನಲ್ಲಿ ಹಲವು ಸ್ಲೈಡಿನ ಪೋಸ್ಟ್ ಹಾಕುವವರೂ ಗಮನಿಸಿ. ಮೊದಲ ಸ್ಲೈಡ್ ನೋಡಿ ದಾಟಿದವರಿಗೆ ಅದೇ ಪೋಸ್ಟ್ ಮತ್ತೊಮ್ಮೆ ಎರಡನೇ ಸ್ಲೈಡಿನಿಂದ ತೆರೆದುಕೊಳ್ಳುವುದುಂಟು. 'ಎಚ್ಚರಿಕೆ' ಮೊದಲನೆಯದರಲ್ಲಿ, ಗುಟ್ಟು ಎರಡನೆಯದರಲ್ಲಿ ಎಂಬ ಏರ್ಪಾಡು ಅಲ್ಲಿ ನಿಲ್ಲದು.

ವಾಸ್ಕೋ ವಾಚಕಿ

ಒಟ್ಟಿಗೆ ಓದುವ ಕ್ರಮ ಹೇಳುತ್ತೇನೆ. 24 ಅಧ್ಯಾಯದ ಕಾದಂಬರಿ ಎಂದುಕೊಳ್ಳಿ. ವಾರಕ್ಕೆ ಆರರಂತೆ ಸಮಭಾಗ ಮಾಡಬೇಡಿ. ಮೊದಲ ವಾರ 5 (ಹೆಸರುಗಳು, ಮನೆಯ ನಕ್ಷೆ ತಲೆಗೆ ಹತ್ತಬೇಕು), ಎರಡನೇ ವಾರ 7, ಮೂರನೇ ವಾರ 8, ಕೊನೆಗೆ 4. ಪತ್ತೇದಾರ ಎಲ್ಲರನ್ನೂ ಕೂರಿಸಿ ಬಿಡಿಸಿ ಹೇಳಲು ಶುರುಮಾಡುವ ಜಾಗ ಎಲ್ಲಿದೆಯೋ ಅದಕ್ಕೆ ಸ್ವಲ್ಪ ಮುಂಚೆ ಮೂರನೇ ವಾರದ ಗಡಿ ಬೀಳಬೇಕು. ಅದನ್ನು ಗುರುತಿಸಲು ಪುಸ್ತಕವನ್ನು ಮೊದಲೇ ಓದಿದ ಒಬ್ಬರು ಬೇಕು. ಅವರ ಕೆಲಸ ಗಡಿ ಹಾಕುವುದು ಮಾತ್ರ, ಚರ್ಚೆಯಲ್ಲಿ ಬಾಯಿ ಹಾಕುವಂತಿಲ್ಲ. ನಗುವ ಇಮೋಜಿ ಕೂಡ ಬೇಡ.

ಗಡಿಯನ್ನು ಪುಟಸಂಖ್ಯೆಯಲ್ಲಿ ಹೇಳಿದರೆ ಗೊಂದಲ. ಮರುಮುದ್ರಣದಲ್ಲಿ ಪುಟ ಬದಲಾಗುತ್ತದೆ, ಇ-ಪುಸ್ತಕದಲ್ಲಿ ಅಕ್ಷರ ದೊಡ್ಡದು ಮಾಡಿದರೆ ಬದಲಾಗುತ್ತದೆ. ಅಧ್ಯಾಯಸಂಖ್ಯೆ ಕೊಡಿ. ಹಳೆಯ ಪಾಕೆಟ್ ಕಾದಂಬರಿಗಳಲ್ಲಿ ಅದೂ ಇಲ್ಲದೆ ಬರೀ ನಕ್ಷತ್ರದ ಗುರುತು ಇದ್ದರೆ ಆ ಭಾಗದ ಕೊನೆಯ ವಾಕ್ಯವನ್ನೇ ಕಳಿಸಿ, "ಇಲ್ಲಿಯವರೆಗೆ" ಎಂದು.

ಮೂರನೇ ವಾರದ ಕೊನೆಗೆ ಊಹೆಯ ಪೋಲ್. ಇದೇ ಬಳಗದ ಜೀವಾಳ, ಇದರಲ್ಲೇ ಎಡವಟ್ಟೂ ಜಾಸ್ತಿ.

ಪೋಲ್ ಮಾಡುವವರು ಮುಂದೆ ಓದಿರಬಾರದು. ಓದಿದವರು ಮಾಡಿದರೆ ಅಸಲಿ ಕೊಲೆಗಾರನ ಹೆಸರನ್ನು ಮರೆಯಲ್ಲಿಡಲು ಹೋಗಿ ಪಟ್ಟಿಯ ಕೊನೆಗೆ ತಳ್ಳುತ್ತಾರೆ, ಇಲ್ಲವೇ ಯಾರಿಗೂ ನೆನಪಿಲ್ಲದ ತೋಟದ ಮಾಲಿಯನ್ನು ಕೈಬಿಡದೆ ಸೇರಿಸುತ್ತಾರೆ. ಆಗ ಎಲ್ಲರ ಕಣ್ಣೂ ಮಾಲಿಯ ಮೇಲೆ. ಹೆಸರುಗಳು ಕತೆಯಲ್ಲಿ ಕಾಣಿಸಿಕೊಂಡ ಕ್ರಮದಲ್ಲೇ ಇರಲಿ, 'ಇವರಾರೂ ಅಲ್ಲ', 'ಕೊಲೆಯೇ ಅಲ್ಲ' ಎಂಬೆರಡು ಯಾವಾಗಲೂ ಇರಲಿ. ಟೆಲಿಗ್ರಾಮ್‌ನ 'ಕ್ವಿಜ್' ಬಗೆಯನ್ನು ಆರಿಸಬೇಡಿ, ಮತ ಹಾಕಿದ ತಕ್ಷಣ ಸರಿಯುತ್ತರ ತೋರಿಸಿಬಿಡುತ್ತದೆ. ಸಾದಾ ಪೋಲ್, 'ಅನಾನಿಮಸ್' ಆನ್. ವಾಟ್ಸಾಪ್ ಪೋಲ್‌ನಲ್ಲಿ ಆಯ್ಕೆ 12 ಮಾತ್ರ, ಯಾರು ಯಾರಿಗೆ ಹಾಕಿದರೆಂಬುದೂ ಎಲ್ಲರಿಗೂ ಕಾಣುತ್ತದೆ. ಸಂಕೋಚದವರು ಬಹುಮತ ಎಲ್ಲಿದೆ ನೋಡಿ ಅಲ್ಲಿಗೇ ಒತ್ತುತ್ತಾರೆ.

ಹೆಸರು ಸಾಲದು, ಕಾರಣವೂ ಬೇಕು ಎನ್ನುವವರು ಸುಳಿವಿನ ಪಟ್ಟಿ ಇಡಲಿ: ಸುಳಿವು, ಎಷ್ಟನೇ ಅಧ್ಯಾಯ, ಯಾರ ಬಾಯಲ್ಲಿ ಬಂತು, ಬೇರೆ ಯಾರಾದರೂ ದೃಢಪಡಿಸಿದರೇ. ಕೊನೆಯ ಕಾಲಮ್ ಖಾಲಿ ಉಳಿದ ಸಾಲುಗಳನ್ನು ಮಾತ್ರ ಮತ್ತೊಮ್ಮೆ ಓದಿ. ಸುಳ್ಳು ಬಹುಪಾಲು ಅಲ್ಲೇ ಕೂತಿರುತ್ತದೆ.

ಪುಣೆ ಪೇಠೆ

ಆ ಕೊನೀ ಕಾಲಮ್ ಭಾರೀ ಆತ್ರಿ. ನೋಂದ್ ಮಾಡ್ಕೊಂಡೆ.

ಹಳೇ ರದ್ದಿ

ಹಳೇ ಪುಸ್ತಕದ ಮಾತು ಬಂದಿದ್ದಕ್ಕೆ. ಕಿಂಗ್ಸ್ ಸರ್ಕಲ್ ಪಕ್ಕದ ಫುಟ್‌ಪಾತ್ ಅಂಗಡಿಗಳಲ್ಲಾಗಲಿ ಫ್ಲೋರಾ ಫೌಂಟನ್ ಕಡೆಯಾಗಲಿ ಕನ್ನಡ ಪುಸ್ತಕ ಬೇರೆ ಕಟ್ಟಾಗಿ ಇರುವುದಿಲ್ಲ, ತೆಲುಗು, ತಮಿಳಿನ ಜೊತೆ ಬೆರೆತಿರುತ್ತದೆ. ಪುಣೆಯಲ್ಲಿ ಅಪ್ಪಾ ಬಳವಂತ ಚೌಕದಲ್ಲಿ ಪುಸ್ತಕ ರಾಶಿ ರಾಶಿ, ಆದರೆ ಮರಾಠಿ ಮತ್ತು ಪಠ್ಯಪುಸ್ತಕಗಳದ್ದೇ ಜೋರು. ಕನ್ನಡದ ಹಳೇ ಸರಕು ಸಂಘಗಳ ವಾಚನಾಲಯದ ಕಪಾಟಿನಲ್ಲೇ ಹೆಚ್ಚು. ಹೊಸ ಮರುಮುದ್ರಣವನ್ನು ಬೆಂಗಳೂರಿನ ಅಂಗಡಿಗಳಿಂದ ತರಿಸಿಕೊಳ್ಳಬಹುದು. ಇ-ಪುಸ್ತಕಕ್ಕೆ ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ನೋಡಿ.

ಪತ್ತೇದಾರಿ ಪುಸ್ತಕ ಸೆಕೆಂಡ್‌ಹ್ಯಾಂಡ್ ಕೊಳ್ಳುವಾಗ ಹಿಂದಿನಿಂದ ಪರೀಕ್ಷಿಸಬೇಕು. ಪ್ರೇಮಕಾದಂಬರಿಯಲ್ಲಿ ಕೊನೆಯ ಪುಟ ಹೋದರೆ ಹೇಗೋ ನಡೆಯುತ್ತದೆ. ಕೊನೆಯ ಪುಟದಲ್ಲಿ 'ಮುಗಿಯಿತು' ಅಥವಾ ಮುಂದಿನ ಕಾದಂಬರಿಯ ಜಾಹೀರಾತು ಇದೆಯೇ ನೋಡಿ, ಉತ್ತರದ ಮೇಲೆ ಕಣ್ಣು ಬೀಳದಂತೆ ಮೇಲರ್ಧವನ್ನು ಕೈಯಿಂದ ಮುಚ್ಚಿಕೊಂಡು. ಹಾಳೆಗಳು 16 ಪುಟಗಳ ಕಂತೆಯಾಗಿ ಮಡಚಿ ಸೇರಿಸಿದಂಥವು. ಪಿನ್ನು ತುಕ್ಕು ಹಿಡಿದು ಸಡಿಲವಾದರೆ ಒಂದು ಪುಟವಲ್ಲ, ಇಡೀ ಕಂತೆಯೇ ಉದುರುತ್ತದೆ. ಆದ್ದರಿಂದ 16, 32, 48 ಹೀಗೆ ದಾಟುವ ಜಾಗಗಳಲ್ಲಿ ಪುಟಸಂಖ್ಯೆ ಮುಂದುವರಿದಿದೆಯೇ ನೋಡಿದರೆ ಬೇಗ ಆಗುತ್ತದೆ. ಬಾಡಿಗೆ ವಾಚನಾಲಯದ ಸೀಲು ಇದ್ದರೆ ಒಳರಕ್ಷಾಪುಟ ನೋಡಲೇಬೇಡಿ. "ಕೊಂದವನು ಇಂಥವನು" ಎಂದು ಪೆನ್ಸಿಲ್ಲಿನಲ್ಲಿ ಬರೆದಿಡುವ ಪುಣ್ಯಾತ್ಮರು ಎಲ್ಲ ಊರಿನಲ್ಲೂ ಇದ್ದರು.

ಬ್ಲಾಗಿಗೆ ಹಾಕುವಾಗ ಮುದ್ರಣದ ವರ್ಷ ಬೇಕಲ್ಲ, ಎಷ್ಟೋ ಪುಸ್ತಕದಲ್ಲಿ ಅದೇ ಇರುವುದಿಲ್ಲ. ಪತ್ತೆಮಾಡಲು ದಾರಿಯಿದೆ. ಬೆಲೆ ರೂಪಾಯಿ–ಆಣೆಯಲ್ಲಿದ್ದರೆ ಬಹುಮಟ್ಟಿಗೆ 1957ರ ಏಪ್ರಿಲ್‌ಗಿಂತ ಹಿಂದಿನದು, ದಶಮಾಂಶ ನಾಣ್ಯ ಬಂದದ್ದು ಆಗ. 'ನಯೇ ಪೈಸೆ' ಎಂದಿದ್ದರೆ 1957–64, ಆಮೇಲೆ 'ನಯೇ' ಬಿದ್ದುಹೋಯಿತು. ಪ್ರಕಾಶಕರ ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ನಂತರದ್ದು. 'ಮೈಸೂರು ರಾಜ್ಯ' ಎಂದಿದ್ದರೆ 1973ರ ನವೆಂಬರ್ 1ಕ್ಕೆ ಮುಂಚಿನದು. ಹದಿಮೂರು ಅಂಕಿಯ ಐಎಸ್‌ಬಿಎನ್ ಇದ್ದರೆ ಆ ಪ್ರತಿ 2007ರ ಆಸುಪಾಸಿನದು ಅಥವಾ ಆಮೇಲಿನದು.

ಇವುಗಳಲ್ಲಿ ಕೆಲವು ಸುಳಿವು ಒಂದೇ ದಿಕ್ಕಿಗೆ ಕೆಲಸ ಮಾಡುತ್ತವೆ. 'ಬೆಂಗಳೂರು-560 009' ಎಂದರೆ 1972ರ ನಂತರ ಎಂಬುದು ಖಚಿತ. 'ಬೆಂಗಳೂರು-9' ಎಂದಿದ್ದರೆ ಏನೂ ಸಾಬೀತಾಗುವುದಿಲ್ಲ, ಹಳೇ ಅಭ್ಯಾಸ ಬಿಡದ ಪ್ರಕಾಶಕರು ಆಮೇಲೂ ಹಾಗೇ ಹಾಕಿಸಿದ್ದಾರೆ. ಬೆಲೆಯ ಮೇಲೆ ಅಂಟಿಸಿದ ಚೀಟಿ ಇದ್ದರೆ ಬೆಳಕಿಗೆ ಹಿಡಿದು ಕೆಳಗಿನ ಬೆಲೆ ಓದಿ. ಮುದ್ರಣಕ್ಕೆ ಹತ್ತಿರದ್ದು ಅದೇ. ಬ್ಲಾಗಿನಲ್ಲಿ "1957–64ರ ನಡುವೆ, ಬೆಲೆಯ ಆಧಾರದಿಂದ" ಎಂದು ಆಧಾರ ಸಮೇತ ಬರೆಯಿರಿ. ಬರೀ "1960" ಎಂದು ಬರೆದರೆ ನಾಳೆ ನಾಲ್ಕು ಕಡೆ ಅದೇ ವರ್ಷ ನಕಲಾಗಿ ಗಟ್ಟಿಯಾಗಿಬಿಡುತ್ತದೆ.

ಸ್ಲೋ ಲೋಕಲ್

ನೀವು ಪುಸ್ತಕ ಓದುತ್ತೀರೋ, ಪಂಚನಾಮೆ ಮಾಡುತ್ತೀರೋ ಮಾರಾಯ್ರೆ 😄

ಪುಸ್ತಕ ಸಿಗದವರಿಗೆ ಸ್ಕ್ಯಾನ್ ಮಾಡಿ ಪಿಡಿಎಫ್ ಹಾಕಿದರೆ ಆಯ್ತಲ್ಲ?

ಕಾಯಿದೆ ಕಟ್ಟು

ಆಗಲಿಲ್ಲ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ, ಎಣಿಕೆ ಮರುವರ್ಷದ ಜನವರಿಯಿಂದ. ಕಾನನ್ ಡಾಯ್ಲ್ ತೀರಿದ್ದು 1930ರಲ್ಲಿ, ಮೂಲ ಇಂಗ್ಲಿಷ್ ಮುಕ್ತ. ಆದರೆ ಅದರ ಕನ್ನಡ ಅನುವಾದಕ್ಕೆ ಅನುವಾದಕರ ಹಕ್ಕು ಬೇರೆಯೇ ಇದೆ. ಅಗಾಥಾ ಕ್ರಿಸ್ಟಿ 1976, ಹಾಗಾಗಿ 2036ರ ಕೊನೆವರೆಗೆ ಹಕ್ಕು ಇದೆ. ಕನ್ನಡ ಬಾವುಟ ರೂಪಿಸಿದ ಮ. ರಾಮಮೂರ್ತಿಯವರು ಪತ್ತೇದಾರಿ ಕಾದಂಬರಿಕಾರರೂ ಹೌದು. ಅವರು ತೀರಿಕೊಂಡದ್ದು 1967ರಲ್ಲಿ. ಅವರ ಕಾದಂಬರಿಗಳು ಮುಕ್ತವಾಗುವುದು 2028ರ ಜನವರಿ 1ಕ್ಕೆ. ಎನ್. ನರಸಿಂಹಯ್ಯನವರದು ತುಂಬಾ ದೂರ. ಆರ್ಕೈವ್ ತಾಣದಲ್ಲಿ ಸ್ಕ್ಯಾನ್ ಸಿಕ್ಕಿತು ಎಂದರೆ ಹಕ್ಕು ಮುಗಿದಿದೆ ಎಂದಲ್ಲ.

ವಿಮರ್ಶೆಗೆ ಬೇಕಾದಷ್ಟು ಸಾಲು ಉದ್ಧರಿಸಲು ಕೃತಿಸ್ವಾಮ್ಯ ಕಾಯಿದೆಯ 52ನೇ ಕಲಮಿನಲ್ಲಿ ಅವಕಾಶವಿದೆ. ಒಂದೆರಡು ಪ್ಯಾರಾ ಎಂದರೆ ಸರಿ, ಇಡೀ ಅಧ್ಯಾಯ ಎಂದರೆ ಅಲ್ಲ. ಗುಂಪಿನಲ್ಲಿ ಯಾರಾದರೂ ಪಿಡಿಎಫ್ ಹಾಕಿದರೆ ಅಡ್ಮಿನ್ ಆಗಲೇ ತೆಗೆದುಹಾಕಲಿ. ಬದಲಿಗೆ ಪ್ರತಿಯನ್ನೇ ಕೈಯಿಂದ ಕೈಗೆ ದಾಟಿಸಿ: ಮೂರು ಪ್ರತಿಗೆ ಹತ್ತು ಓದುಗರು, ತಲಾ ಹತ್ತು ದಿನ, ಯಾರ ಕೈಯಲ್ಲಿದೆ ಎಂಬುದಕ್ಕೆ ಒಂದು ಶೀಟ್. ಆ ಪುಸ್ತಕವನ್ನು ಅದೇ ತಿಂಗಳ ಓದಿಗೆ ಇಡಬೇಡಿ, ಎರಡು ತಿಂಗಳು ಮುಂದೆ ಇಡಿ.

ಇನ್ನೊಂದು: ನಡೆಯುತ್ತಿರುವ ಅಸಲಿ ಕೊಲೆ ಕೇಸುಗಳ ಸುದ್ದಿ ಗುಂಪಿಗೆ ಬೇಡ. ಕಾದಂಬರಿಯಲ್ಲಿ ಯಾರನ್ನು ಬೇಕಾದರೂ ಶಂಕಿಸಿ, ಜೀವಂತ ಮನುಷ್ಯರನ್ನಲ್ಲ.

ಪುಣೆ ಪೇಠೆ

ಬರೇ ಕನ್ನಡ ಪುಸ್ತಕ ಏನ್ರಿ? ನಮ್ಮಲ್ಲೆ ಅರ್ಧ ಮಂದಿ ಮರಾಠಿನೂ ಓದ್ತಾರ. ಬಾಬೂರಾವ್ ಅರ್ನಾಳಕರ್ ಸಾವಿರಕ್ಕೂ ಮಿಕ್ಕಿ ಬರದಾರ. ಅವರ ನಾಯಕರು ಝುಂಜಾರ, ಕಾಳಾ ಪಹಾಡ ಅಂದ್ರ ಈಗೂ ಹಿರಿಯರ ಕಣ್ಣು ಅರಳತಾವ. ನಮ್ಮ ನರಸಿಂಹಯ್ಯನವರೂ ಐನೂರಕ್ಕ ಮಿಕ್ಕಿ. ಎರಡನ್ನೂ ಬಾಜೂಬಾಜೂಕ ಇಟ್ಟು ಓದಿದ್ರ ಮಜಾ ಇರ್ತದ.

ಕೆಂಪು ಶಾಯಿ

ಮರಾಠಿ ವರ್ಷಕ್ಕೆ ಎರಡು ಇರಲಿ, ಅದಕ್ಕಿಂತ ಹೆಚ್ಚಾದರೆ ಗೋವಾ, ಮುಂಬೈಗೆ ಹೊಸದಾಗಿ ಬಂದವರು ಹೊರಗುಳಿಯುತ್ತಾರೆ.

ಝುಂಜಾರ ಎಂದಿರಲ್ಲ, ಬ್ಲಾಗಿನ ಸೂಚಿಯನ್ನು ಹಾಗೆಯೇ ಮಾಡಬೇಕು. ಹಳೇ ಓದುಗರಿಗೆ ಶೀರ್ಷಿಕೆ ಮರೆತಿರುತ್ತದೆ, ಪತ್ತೇದಾರನ ಹೆಸರು ಮರೆತಿರುವುದಿಲ್ಲ. 'ಅರಿಂಜಯ', 'ಮಧುಸೂದನ', 'ಪುರುಷೋತ್ತಮ' ಎಂದು ಲೇಬಲ್ ಇಟ್ಟರೆ ಹುಡುಕಿ ಬರುತ್ತಾರೆ. ಪೋಸ್ಟಿನ ಶೀರ್ಷಿಕೆ ಹೀಗಿರಲಿ: ಪುಸ್ತಕ, ಲೇಖಕ, ಪತ್ತೇದಾರ. "ಒಂದು ರೋಚಕ ಓದು" ಎಂದು ಹುಡುಕುವವರು ಯಾರೂ ಇಲ್ಲ. ಬರಹದಲ್ಲಿ 'ಪತ್ತೇದಾರಿ', 'ಪತ್ತೆದಾರಿ' ಎರಡೂ ಕಾಗುಣಿತ ಒಮ್ಮೆಯಾದರೂ ಬರಲಿ, ಜನ ಎರಡನ್ನೂ ಟೈಪ್ ಮಾಡುತ್ತಾರೆ. ಹ್ಯಾಶ್‌ಟ್ಯಾಗಿಗೆ ನಡುವೆ ಅರ್ಧಾಕ್ಷರ ಬಿಡಿಸಿ ಬರೆಯುವ ಪದ ಬೇಡ. 'ಕ್ರೈಮ್‌ಕಥೆ'ಯಲ್ಲಿ ಮ್ ಮತ್ತು ಕ ಕೂಡಿಕೊಳ್ಳದಂತೆ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತದೆ, ಕೆಲವು ಕಡೆ ಟ್ಯಾಗ್ ಅಲ್ಲಿಗೇ ತುಂಡಾಗುತ್ತದೆ. #ಪತ್ತೇದಾರಿ ಸಾಕು. 'ನುಡಿ', 'ಬರಹ' ತಂತ್ರಾಂಶಗಳ ಹಳೇ ಫಾಂಟಿನಲ್ಲಿ ಟೈಪಾದ ಲೇಖನ ಇದ್ದರೆ ಯುನಿಕೋಡ್‌ಗೆ ಬದಲಿಸಿಯೇ ಹಾಕಿ. ಇಲ್ಲದಿದ್ದರೆ ಹುಡುಕಾಟದಲ್ಲಿ ಬರುವುದೇ ಇಲ್ಲ.

ಕಲೀನಾ ಕಟ್ಟೆ

ಬೇಕಾದ್ದಕ್ಕಿಂತ ಹೆಚ್ಚೇ ಸಿಕ್ಕಿತು. ಲೇಖಕರು ಗುಂಪಿಗೆ ಬರುತ್ತೇವೆ ಎಂದರೆ? ಮತ್ತೆ ಭೇಟಿಗೆ ಭಾನುವಾರ ಬೆಳಿಗ್ಗೆ 11 ಎಂದುಕೊಂಡಿದ್ದೆ.

ವಾಸ್ಕೋ ವಾಚಕಿ

ಲೇಖಕರು ಪಡಸಾಲೆಗೆ ಬರಲಿ, ಅವರ ಪುಸ್ತಕದ ಒಳಕೋಣೆಗೆ ಬೇಡ. ಅವರು ಕೂತಿದ್ದರೆ "ಈ ಸುಳಿವು ಮೋಸ" ಎಂದು ಯಾರೂ ಬರೆಯುವುದಿಲ್ಲ. ಚರ್ಚೆ ಮುಗಿದ ಮೇಲೆ ಒಂದು ಸಂಜೆ ಪ್ರಶ್ನೋತ್ತರಕ್ಕೆ ಕರೆಯಿರಿ. ಗೂಗಲ್ ಮೀಟ್ ಉಚಿತದಲ್ಲಿ ಮೂರು ಅಥವಾ ಹೆಚ್ಚು ಜನರಿದ್ದರೆ 60 ನಿಮಿಷ, ಜೂಮ್ 40. ಪ್ರಶ್ನೆಗಳನ್ನು ಮೊದಲೇ ತರಿಸಿಕೊಳ್ಳಿ, ಇಲ್ಲದಿದ್ದರೆ ಸ್ವಾಗತ ಭಾಷಣಕ್ಕೇ ಇಪ್ಪತ್ತು ನಿಮಿಷ ಹೋಗುತ್ತದೆ.

ಸ್ಲೋ ಲೋಕಲ್

ಭಾನುವಾರ 11 ಬೇಡವೇ ಬೇಡ. ಸೆಂಟ್ರಲ್, ಹಾರ್ಬರ್ ಎರಡೂ ರೈಲು ಮಾರ್ಗಗಳಲ್ಲಿ ಮೆಗಾ ಬ್ಲಾಕ್ (ಹಳಿ ಕೆಲಸಕ್ಕಾಗಿ ರೈಲು ಓಡಾಟಕ್ಕೆ ತಡೆ) ಸಾಮಾನ್ಯವಾಗಿ ಆ ಹೊತ್ತಿಗೇ ಶುರು, ಮಧ್ಯಾಹ್ನ 4ರ ಸುಮಾರಿಗೆ ಬಿಡುತ್ತದೆ. ಮಾಟುಂಗಾ–ಮುಲುಂಡ್ ನಡುವೆ ಆಗಾಗ ಇದ್ದದ್ದೇ. ಡೊಂಬಿವಲಿ, ಕಲ್ಯಾಣ್‌ನವರು ಅರ್ಧ ದಾರಿಯಲ್ಲಿ ಕೂರಬೇಕಾಗುತ್ತದೆ. ಸಂಜೆ 5 ಇಡಿ, ಶನಿವಾರ ರಾತ್ರಿ ಬ್ಲಾಕಿನ ಪಟ್ಟಿ ನೋಡಿ ಗುಂಪಿಗೆ ಹಾಕಿ. ಮಾಟುಂಗಾದಲ್ಲಿ ಫಾಸ್ಟ್ ನಿಲ್ಲುವುದಿಲ್ಲ, ದಾದರ್‌ನಲ್ಲಿ ಇಳಿದು ಸ್ಲೋ ಹಿಡಿದು ಒಂದು ಸ್ಟೇಷನ್ ಹಿಂದೆ ಬರಬೇಕು. ವೆಸ್ಟರ್ನ್‌ನವರಿಗೆ ಮಾಟುಂಗಾ ರೋಡ್. ನವಿ ಮುಂಬೈಯವರು ವಡಾಲಾದಲ್ಲಿ ಬದಲಿಸಿ ಕಿಂಗ್ಸ್ ಸರ್ಕಲ್‌ಗೆ ಬರಲಿ. ಮತ್ತೆ, ಬರುವಾಗ ಟ್ರೈನಿನಲ್ಲಿ ಆ ತಿಂಗಳ ಪುಸ್ತಕದ ಕೊನೆಯ ನಾಲ್ಕು ಅಧ್ಯಾಯ ಮುಗಿಸದವರು ಮೊದಲೇ ಹೇಳಲಿ, ಅವರಿಗೆ ಚಾ ಕುಡಿಯಲು ಬೇರೆ ಟೇಬಲ್.